ಯುಕೆಜಿ ಮಕ್ಕಳಿಗೆ ‘ಯಾಕೆ’ ಅಂತ ಕೇಳಬೇಡಿ

ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಯುಕೆಜಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಇಷ್ಟು ಚಿಕ್ಕವರಿಗೆ ವಿಜ್ಞಾನ ಹೇಗೆ ಹೇಳಿಕೊಡ್ತೀರಿ ಅಂತ ಹೊಸದಾಗಿ ಸೇರಿದ ಟೀಚರ್‌ಗಳು ಕೇಳುತ್ತಾರೆ. ‘ಯಾಕೆ’ ಅಂತ ಶುರು ಮಾಡಬೇಡಿ, ‘ಹೀಗೆ ಮಾಡಿದರೆ ಏನಾಗುತ್ತೆ?’ ಅಂತ ಕೇಳಿ ಅನ್ನುತ್ತೇನೆ.

‘ಎಲೆ ಯಾಕೆ ತೇಲುತ್ತೆ?’ ಅಂದರೆ ಅರ್ಧ ಮಕ್ಕಳು ನಮ್ಮ ಮುಖ ನೋಡುತ್ತಾರೆ. ಉಳಿದವರು ‘ದೇವರು ಹಾಗೆ ಮಾಡಿದ್ದಾನೆ’ ಅಂದುಬಿಡುತ್ತಾರೆ. ಅದೇ ‘ಇದನ್ನ ನೀರಿಗೆ ಹಾಕ್ಲಾ? ಮುಳುಗುತ್ತಾ, ತೇಲುತ್ತಾ?’ ಅಂದು ನೋಡಿ, ಮೂಲೆಯಲ್ಲಿ ಮುದುಡಿ ಕೂತ ಮಗುವೂ ಎದ್ದು ಬರುತ್ತೆ.

ಟಬ್ ಪಕ್ಕ ನಾನು ಇಡುವುದು ಮನೆ ಸಾಮಾನೇ. ಸಿಪ್ಪೆ ಸಮೇತ ತೆಂಗಿನಕಾಯಿ, ಮೊಳೆ, ಅಡಿಕೆ ಹಾಳೆಯ ತುಂಡು, ಕಿತ್ತಳೆ, ಸ್ಟೀಲ್ ಬಟ್ಟಲು. ಭಾರ ಇದ್ದದ್ದೆಲ್ಲ ಮುಳುಗುತ್ತೆ ಅನ್ನೋದು ಮಕ್ಕಳ ಲೆಕ್ಕ. ತೆಂಗಿನಕಾಯಿಯನ್ನು ಅವರು ಎದೆಗೆ ಒತ್ತಿಕೊಂಡು ತರಬೇಕು, ಅದು ತೇಲುತ್ತೆ. ಬೆರಳುದ್ದದ ಮೊಳೆ ಸೀದಾ ತಳಕ್ಕೆ. ಕಿತ್ತಳೆ ಇನ್ನೂ ಮಜಾ: ಸಿಪ್ಪೆ ಇದ್ದರೆ ತೇಲುತ್ತೆ, ಸುಲಿದರೆ ಮುಳುಗುತ್ತೆ. ಸಿಪ್ಪೆಯಲ್ಲಿ ಗಾಳಿ ಸೇರಿಕೊಂಡಿರುತ್ತೆ, ಆದರೆ ಅದನ್ನು ನಾನು ಮೊದಲೇ ಬಾಯಿ ಬಿಡಲ್ಲ. ತೇಲುವ ಬಟ್ಟಲಿಗೆ ಒಬ್ಬಳು ಚಮಚದಲ್ಲಿ ನೀರು ಹಾಕುತ್ತಾ ಹೋದಳು. ‘ಮಿಸ್, ಅದಕ್ಕೆ ಹೊಟ್ಟೆ ತುಂಬ್ತು, ಮುಳುಗಿಬಿಡ್ತು!’ ಈ ವಯಸ್ಸಿಗೆ ಅಷ್ಟು ಸಾಕು, ಸಾಂದ್ರತೆ ಹೈಸ್ಕೂಲಿಗೆ ಇರಲಿ.

ಮಳೆಗಾಲದಲ್ಲಿ ಮಳೆಯೇ ಪಾಠ. ಇಲ್ಲಿ ದೊಡ್ಡವರು ಫೋನ್ ಎತ್ತಿದರೆ ಮೊದಲ ಮಾತೇ ‘ನಿಮ್ಮಲ್ಲಿ ಎಷ್ಟು ಇಂಚು?’ ಅಲ್ವಾ? ಮಕ್ಕಳಿಗೆ ಇಂಚು ಗೊತ್ತಿಲ್ಲ. ತಳ ಸಪಾಟಾಗಿರುವ, ನೆಟ್ಟಗಿನ ಗಾಜಿನ ಬಾಟಲಿಯನ್ನು ಅಂಗಳದಲ್ಲಿ ಇಡುತ್ತೇವೆ. ಹೆಂಚಿನ ನೀರು ಬೀಳದ ಜಾಗ ಆಗಬೇಕು. ಬೆಳಿಗ್ಗೆ ನೀರು ನಿಂತಷ್ಟು ಎತ್ತರಕ್ಕೆ ಕಾಗದದ ಪಟ್ಟಿ ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ. ಯಾವ ದಿನ ಜಾಸ್ತಿ ಅಂತ ಲೆಕ್ಕ ಬಾರದವರೂ ಬೆರಳಿಟ್ಟು ತೋರಿಸುತ್ತಾರೆ. ನಮ್ಮ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದರೆ 7 ಮೀಟರ್ ದಾಟುತ್ತೆ, ನಮ್ಮ ಸೂರು ಸಾಲಲ್ಲ.

ಮಕ್ಕಳೇ ‘ಯಾಕೆ’ ಅಂದರೆ ಮಾತ್ರ ತಪ್ಪಿಸಿಕೊಳ್ಳಬಾರದು. ‘ಇಂಬಳ ಕಚ್ಚಿದ್ರೆ ರಕ್ತ ಯಾಕೆ ನಿಲ್ಲಲ್ಲ ಮಿಸ್?’ ಅಂತ ಕೇಳಿದವನಿಗೆ, ಇಂಬಳದ (ಜಿಗಣೆಯ) ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇದೆ ಅಂದೆ. ಒಂದೇ ವಾಕ್ಯ. ಅವನಿಗೆ ಅಷ್ಟೇ ಬೇಕಿತ್ತು, ಆಡೋಕೆ ಓಡಿದ.

ಪುಸ್ತಕದಲ್ಲಿ ಏನೂ ಬರೆಸಿಲ್ಲ ಅಂತ ಕೆಲವು ಅಪ್ಪ ಅಮ್ಮಂದಿರಿಗೆ ಬೇಜಾರು. ಒಂದು ಸಲ ಕರೆದು ಟಬ್ ಮುಂದೆ ಕೂರಿಸಿ, ಅವರೂ ಕಿತ್ತಳೆ ಸುಲಿಯಲಿ.

ಇನ್ನು, ನೀರಿನ ಆಟವನ್ನು ಕೊನೇ ಪಿರಿಯಡ್‌ಗೆ ಇಟ್ಟುಕೊಳ್ಳಿ. ಜುಲೈನಲ್ಲಿ ನಮ್ಮೂರಲ್ಲಿ ಒದ್ದೆಯಾದ ಯೂನಿಫಾರ್ಮ್ ಮಾರನೇ ದಿನಕ್ಕೂ ಒಣಗಲ್ಲ. ಒಂದು ಜೊತೆ ಬಟ್ಟೆ ಜಾಸ್ತಿ ಕಳಿಸಿ ಅಂತ ಹಿಂದಿನ ದಿನವೇ ಡೈರಿಯಲ್ಲಿ ಬರೆದಿರಿ.