ಬರದ ನೆರವಿನ ಬಾಗಿಲು ತೆರೆಯುವುದು ಯಾವ ಅಳತೆಗೆ?

ನೆರೆ ಬಂದ ದಿನವನ್ನು ಯಾರು ಬೇಕಾದರೂ ಹೇಳಬಲ್ಲರು, ಬರ ಬಂದ ದಿನವನ್ನು ಹೇಳುವುದು ಕಷ್ಟ. ಬಿತ್ತನೆಯಾದ ಮೇಲೆ ಹತ್ತು ದಿನ ಮಳೆ ಕೈಕೊಟ್ಟರೆ ಯಾರೂ ಅದನ್ನು ಬರವೆನ್ನುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಸುರುಳಿಯಾಗಿ ಸಂಜೆಗೆ ಬಿಚ್ಚಿಕೊಳ್ಳುತ್ತಿದ್ದ ಜೋಳದ ಎಲೆಗಳು ಒಂದು ದಿನ ಬೆಳಗಿನ ಜಾವದಲ್ಲೂ ಸುರುಳಿಯಾಗಿಯೇ ಇದ್ದಾಗ ಬೆಳೆದವನಿಗೆ ವಿಷಯ ತಿಳಿದುಹೋಗುತ್ತದೆ. ಕಚೇರಿಗಳಿಗೆ ಅದು ತಿಳಿಯುವುದು ವಾರಗಳ ನಂತರ, ಕೆಲವೊಮ್ಮೆ ತಿಂಗಳುಗಳ ನಂತರ. ಬರಪರಿಹಾರದ ಕುರಿತ ಬಹುತೇಕ ದೂರುಗಳು ಹುಟ್ಟುವುದು ಈ ಅಂತರದಲ್ಲಿ. ಆದ್ದರಿಂದ ಯಾವುದೇ ನೆರವಿನ ಯೋಜನೆಯ ನಿಯಮಗಳನ್ನು ಓದಲು ಕುಳಿತಾಗ, ಹಣ ಎಷ್ಟು ಎಂಬ ಪುಟಕ್ಕಿಂತ ಮೊದಲು ಅದು ಯಾವ ಅಳತೆಗೆ ಬಿಡುಗಡೆಯಾಗುತ್ತದೆ ಎಂಬ ಪುಟವನ್ನು ಹುಡುಕುವ ಅಭ್ಯಾಸ ನನ್ನದು.

ಅಳತೆಗಳಲ್ಲಿ ಹಲವು ಬಗೆಗಳಿವೆ. ಒಂದು ಪ್ರದೇಶದ ದೀರ್ಘಕಾಲದ ಮಳೆಯ ದಾಖಲೆಗೆ ಹೋಲಿಸಿ ಈಗಿನ ಕೊರತೆ ಎಷ್ಟು ಅಪರೂಪದ್ದು ಎಂದು ಹೇಳುವ ಪ್ರಮಾಣಿತ ಮಳೆ ಸೂಚ್ಯಂಕವನ್ನು 1993ರಲ್ಲಿ ಅಮೆರಿಕದ ಕೊಲರಾಡೊದ ಸಂಶೋಧಕರು ರೂಪಿಸಿದರು. ಇಂದು ಅದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಆದರೆ ಮಳೆಯ ಅಂಕಿಯೊಂದೇ ಸಾಲದು, ಏಕೆಂದರೆ ಕಪ್ಪು ಮಣ್ಣು ಹಿಡಿದಿಟ್ಟುಕೊಳ್ಳುವ ತೇವ ಮರಳು ಮಣ್ಣಿನಲ್ಲಿ ನಿಲ್ಲುವುದಿಲ್ಲ. ಅಮೆರಿಕದಲ್ಲಿ 1999ರಿಂದ ಪ್ರತಿ ಗುರುವಾರ ಪ್ರಕಟವಾಗುತ್ತಿರುವ ಬರ ನಕ್ಷೆಯು ಮಳೆ, ಮಣ್ಣಿನ ತೇವಾಂಶ, ಹೊಳೆಗಳ ಹರಿವು ಮತ್ತು ಸ್ಥಳೀಯರ ವರದಿ ಎಲ್ಲವನ್ನೂ ಕೂಡಿಸಿ ಪ್ರತಿ ಪ್ರದೇಶಕ್ಕೆ ಒಂದು ಮಟ್ಟವನ್ನು ಗೊತ್ತುಮಾಡುತ್ತದೆ. ಅಲ್ಲಿ ಮೇವಿನ ನಷ್ಟಕ್ಕೆ ಸಿಗುವ ಸರ್ಕಾರಿ ನೆರವು ಈ ನಕ್ಷೆಗೆ ನೇರವಾಗಿ ಅಂಟಿಕೊಂಡಿದೆ. ತನ್ನ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶ) ಇಂತಿಷ್ಟು ವಾರ ತೀವ್ರ ಬರದ ಬಣ್ಣದಲ್ಲಿದ್ದರೆ ಅಲ್ಲಿನ ಪಶುಪಾಲಕ ಅರ್ಹನಾಗುತ್ತಾನೆ, ಪ್ರತ್ಯೇಕ ಬರ ಘೋಷಣೆಗೆ ಯಾರ ಮರ್ಜಿಯನ್ನೂ ಕಾಯಬೇಕಿಲ್ಲ. ನನಗೆ ಈ ವ್ಯವಸ್ಥೆಯಲ್ಲಿ ಹಿಡಿಸಿದ್ದು ಇದೇ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮಲಾವಿಯ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಫ್ರಿಕನ್ ಒಕ್ಕೂಟದ ಆಶ್ರಯದಲ್ಲಿ ಆರಂಭವಾದ ಆಫ್ರಿಕನ್ ರಿಸ್ಕ್ ಕೆಪಾಸಿಟಿ ಎಂಬ ಸಂಸ್ಥೆಯಿಂದ ಮಲಾವಿ ಸರ್ಕಾರ 2015–16ರ ಹಂಗಾಮಿಗೆ ಬರ ವಿಮೆ ಪಡೆದಿತ್ತು. ಆ ವರ್ಷ ಎಲ್ ನಿನೊ ಪ್ರಭಾವದಿಂದ ಮಳೆ ಕೈಕೊಟ್ಟಿತು ಮತ್ತು 65 ಲಕ್ಷಕ್ಕೂ ಹೆಚ್ಚು ಜನರಿಗೆ ಆಹಾರದ ನೆರವು ಬೇಕಾಯಿತು. ಆದರೆ ವಿಮೆಯ ಲೆಕ್ಕಾಚಾರದ ಮಾದರಿ ಮಾತ್ರ ಪರಿಹಾರ ಕೊಡುವಷ್ಟು ನಷ್ಟವೇ ಆಗಿಲ್ಲವೆಂದು ತೋರಿಸಿತು. ಪರಿಶೀಲಿಸಿದಾಗ ಕಾರಣ ತಿಳಿಯಿತು: ಮಾದರಿಯು ರೈತರು ದೀರ್ಘಾವಧಿಯ ಮೆಕ್ಕೆಜೋಳ ಬಿತ್ತಿದ್ದಾರೆಂದು ಭಾವಿಸಿತ್ತು, ಹೊಲದಲ್ಲಿ ಇದ್ದದ್ದು ಹೆಚ್ಚಾಗಿ ಅಲ್ಪಾವಧಿಯ ತಳಿ. ಬೆಳೆಯ ಅವಧಿ ಬದಲಾದರೆ ಹೂಬಿಡುವ ಹೊತ್ತೂ ಬದಲಾಗುತ್ತದೆ, ಯಾವ ವಾರದ ಒಣಹವೆ ಕಾಳನ್ನು ಜೊಳ್ಳಾಗಿಸುತ್ತದೆ ಎಂಬ ಲೆಕ್ಕವೂ ಬದಲಾಗುತ್ತದೆ. ತಪ್ಪನ್ನು ತಿದ್ದಿ ಸುಮಾರು 81 ಲಕ್ಷ ಡಾಲರ್ ಪರಿಹಾರ ಕೊಡುವ ಹೊತ್ತಿಗೆ 2017ನೇ ಇಸವಿ ಬಂದಿತ್ತು. ಆಗಲೇ ಮುಂದಿನ ಬೆಳೆ ಹೊಲದಲ್ಲಿ ನಿಂತಿತ್ತು.

ಹೀಗೆ ಹೊಲದ ನಷ್ಟದ ಬದಲು ಮಳೆಯಂಥ ಒಂದು ಅಳತೆಯನ್ನು ನೋಡಿ ಹಣ ಕೊಡುವ ಸೂಚ್ಯಂಕ ಆಧಾರಿತ ವಿಮೆಯ ಗುಣವೂ ದೋಷವೂ ಇಲ್ಲೇ ಇದೆ. ಯಾರೂ ಹೊಲಕ್ಕೆ ಬಂದು ನಷ್ಟ ಅಳೆಯಬೇಕಿಲ್ಲವಾದ್ದರಿಂದ ಅದು ಅಗ್ಗ ಮತ್ತು ಶೀಘ್ರ, ಆದರೆ ಮಳೆಮಾಪಕದ ಹತ್ತಿರ ಒಂದು ಹದ ಮಳೆ ಬಿದ್ದು ನಿಮ್ಮ ಹೊಲಕ್ಕೆ ಹನಿಯೂ ಬೀಳದಿದ್ದರೆ ನಿಮಗೆ ಬಿಡಿಗಾಸೂ ಸಿಗದು. ಭಾರತದಲ್ಲಿ 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಂಥ ವ್ಯವಸ್ಥೆಯಲ್ಲಿ ಆಯ್ದ ಹೊಲಗಳಲ್ಲಿ ಬೆಳೆ ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗಗಳಿಂದ ಗ್ರಾಮ ಪಂಚಾಯಿತಿಯಂಥ ಇಡೀ ವಿಮಾ ಘಟಕದ ಸರಾಸರಿ ಇಳುವರಿಯನ್ನು ಕಂಡುಕೊಳ್ಳುವುದರಿಂದ ಅಳತೆ ಬೆಳೆಗೆ ಹತ್ತಿರವಾಗುತ್ತದೆ. ಅದರ ಬೆಲೆಯಾಗಿ ಸುಗ್ಗಿ ಮುಗಿಯುವವರೆಗೂ ಕಾಯಬೇಕಾಗುತ್ತದೆ. ವಿಮೆಯ ಕಂತನ್ನು ಕಟ್ಟಲು ಕೈಯಲ್ಲಿ ಹಣವಿಲ್ಲದವರಿಗಾಗಿ ಇಥಿಯೋಪಿಯಾದ ಟಿಗ್ರೇ ಪ್ರಾಂತ್ಯದಲ್ಲಿ 2009ರಲ್ಲಿ 200 ಕುಟುಂಬಗಳೊಂದಿಗೆ ಒಂದು ಪ್ರಯೋಗ ಶುರುವಾಯಿತು. ಅತಿ ಬಡ ರೈತರು ನೀರು ಮತ್ತು ಮಣ್ಣು ಸಂರಕ್ಷಣೆಯ ಕೆಲಸದಲ್ಲಿ ದುಡಿದು ಆ ದುಡಿಮೆಯನ್ನೇ ಕಂತಾಗಿ ಕಟ್ಟಿದರು.

ಜಾನುವಾರುಗಳ ವಿಷಯದಲ್ಲಿ ತಡವೆಂಬುದು ಇನ್ನೂ ಕ್ರೂರವಾಗಿರುತ್ತದೆ. ಪಕ್ಕೆಲುಬು ಎಣಿಸುವಂತಾದ ದನಕ್ಕೆ ಸಂತೆಯಲ್ಲಿ ಗಿರಾಕಿ ಇರುವುದಿಲ್ಲ, ಅದೇ ವಾರದಲ್ಲಿ ಎಲ್ಲರೂ ಮಾರಲು ಬಂದಿರುವುದರಿಂದ ಇರುವ ಒಬ್ಬ ವ್ಯಾಪಾರಿ ಹೇಳಿದ್ದೇ ದರವಾಗುತ್ತದೆ. ಕೀನ್ಯಾದ ಮಾರ್ಸಬಿಟ್‌ನಲ್ಲಿ 2010ರಲ್ಲಿ ಆರಂಭವಾದ ಜಾನುವಾರು ವಿಮೆಯು ಉಪಗ್ರಹದಿಂದ ಹುಲ್ಲುಗಾವಲಿನ ಹಸಿರನ್ನು ಅಳೆದು, ಎಷ್ಟು ದನಗಳು ಸತ್ತಿರಬಹುದೆಂದು ಅಂದಾಜಿಸಿ ಹಣ ಕೊಡುತ್ತಿತ್ತು. ಅನುಭವದ ಮೇಲೆ ಅದನ್ನು ಬದಲಿಸಿ, ದನಗಳು ಬದುಕಿರುವಾಗಲೇ ಮೇವು ಕೊಳ್ಳಲು ಹಣ ಕೈಗೆ ಬರುವಂತೆ ಮಾಡಿದರು. ಈ ಒಂದು ತಿದ್ದುಪಡಿ ನನಗೆ ಹತ್ತು ಹೊಸ ಯೋಜನೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ದಕ್ಷಿಣ ಇಥಿಯೋಪಿಯಾದಲ್ಲಿ 2006ರ ಬರದಲ್ಲಿ ವ್ಯಾಪಾರಿಗಳನ್ನೇ ಪಶುಪಾಲಕರ ಬಳಿಗೆ ಕರೆತಂದು, ಮಾಂಸಖಂಡ ಇನ್ನೂ ಉಳಿದಿರುವಾಗಲೇ ದನಗಳನ್ನು ಕೊಳ್ಳುವಂತೆ ಮಾಡಲಾಯಿತು. ಕುಟುಂಬಗಳು ಆ ಹಣದಲ್ಲಿ ಆಹಾರವನ್ನೂ ಉಳಿದ ದನಗಳಿಗೆ ಮೇವನ್ನೂ ಕೊಂಡವು.

ಸಾಲದ ಮರುಹೊಂದಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂತು ಮುಂದೂಡಿದ ಅವಧಿಯ ಬಡ್ಡಿ ಅಸಲಿಗೆ ಸೇರುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ಅಷ್ಟೆ. ಆಸ್ಟ್ರೇಲಿಯಾ ಬೇರೊಂದು ದಾರಿ ಹಿಡಿದಿದೆ. ಬರವು ಅಲ್ಲಿನ ಹವಾಮಾನದ ಸಹಜ ಭಾಗವೆಂದು ಒಪ್ಪಿಕೊಂಡು 1992ರಲ್ಲಿ ರಾಷ್ಟ್ರೀಯ ಬರ ನೀತಿಯನ್ನು ರೂಪಿಸಿದ ಆ ದೇಶದಲ್ಲಿ, ಒಳ್ಳೆಯ ಫಸಲಿನ ವರ್ಷದ ಆದಾಯವನ್ನು ಠೇವಣಿಯಿಟ್ಟರೆ ಆ ವರ್ಷ ಅದಕ್ಕೆ ತೆರಿಗೆಯಿಲ್ಲ. ಕೆಟ್ಟ ವರ್ಷದಲ್ಲಿ ತೆಗೆದಾಗ, ಆದಾಯವೇ ಕಡಿಮೆಯಿರುವುದರಿಂದ, ತೆರಿಗೆಯೂ ಹಗುರಾಗುತ್ತದೆ. ಉಳಿಸಲು ಏನಾದರೂ ಮಿಗುವವರಿಗೆ ಇದು ಸರಿ. ಮಿಗದವರಿಗಾಗಿ ಪ್ರತಿ ಹತ್ತು ವರ್ಷಗಳ ಅವಧಿಯಲ್ಲಿ ನಾಲ್ಕು ವರ್ಷದವರೆಗೆ ಸಿಗುವ ಕುಟುಂಬ ಭತ್ಯೆಯೊಂದಿದೆ.

ಅದೇ ದೇಶದಲ್ಲಿ ರೈತರಿಗೆ ಉಚಿತವಾಗಿ ಲೆಕ್ಕಪತ್ರ ನೋಡಿಕೊಡುವ ಗ್ರಾಮೀಣ ಹಣಕಾಸು ಸಲಹೆಗಾರರಿದ್ದಾರೆ. ಇಂಥ ಸಲಹೆಗಾರರು ಎಲ್ಲೆಡೆ ಇಲ್ಲದಿರಬಹುದು, ಆದರೆ ಅವರು ಮೊದಲು ಕೇಳುವ ಕಾಗದಗಳನ್ನು ಯಾರಾದರೂ ಸಿದ್ಧಮಾಡಿಟ್ಟುಕೊಳ್ಳಬಹುದು: ಬಿತ್ತಿದ ದಿನಾಂಕ ಮತ್ತು ತಳಿ, ಬೀಜದ ರಸೀದಿ, ಮನೆಯ ಬಳಿಯ ಮಳೆಮಾಪಕದಲ್ಲಿ ದಿನವೂ ಬರೆದಿಟ್ಟ ಮಿಲಿಮೀಟರು, ಹದಿನೈದು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ತೆಗೆದ ಹೊಲದ ಚಿತ್ರ. ನನ್ನ ಬಂಧುವೊಬ್ಬರ ಅರ್ಜಿಗೆ ಕಾಗದ ಜೋಡಿಸಲು ಕುಳಿತ ರಾತ್ರಿ ನಮ್ಮಲ್ಲಿ ಇದ್ದದ್ದು ಒಂದು ಮಾಸಿದ ರಸೀದಿ ಮತ್ತು ನೆನಪು. ಬಿತ್ತಿದ ದಿನ ಯಾವುದೆಂದು ಗಂಡ ಹೆಂಡಿರಲ್ಲೇ ಒಮ್ಮತವಿರಲಿಲ್ಲ. ಮರುವರ್ಷದಿಂದ ಅವರ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ದಾರ ಕಟ್ಟಿದ ಒಂದು ನೋಟುಪುಸ್ತಕ ನೇತಾಡುತ್ತಿದೆ, ಮಳೆ ಬಾರದ ದಿನಗಳ ಎದುರಿಗೂ ಅದರಲ್ಲಿ ಸೊನ್ನೆ ಬರೆದಿರುತ್ತದೆ.