ಚುಕ್ಕಿಗೆ ಒಗ್ಗದ ಐದು ಮೂಲೆ

ರಂಗೋಲಿ ಕೈ ಇರುವವರಿಗೆ ಐದು ಮೂಲೆಯ ನಕ್ಷತ್ರ ಕಷ್ಟ. ನಮ್ಮ ಅತ್ತೆಯನ್ನು ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಮಂಡ್ಯದ ನಮ್ಮ ಬೀದಿಯಲ್ಲಿ ಸಂಕ್ರಾಂತಿ ಬಂದರೆ ಅವರ ಎಳೆ ನೋಡುವುದಕ್ಕೇ ಜನ ನಿಲ್ಲುತ್ತಾರೆ. ಆರು ಮೂಲೆಯ ನಕ್ಷತ್ರ ಕೇಳಿ, ಎದುರುಮನೆಯವರ ಜೊತೆ ಮಾತಾಡುತ್ತಲೇ ಮುಗಿಸುತ್ತಾರೆ. ಐದು ಮೂಲೆಯದು ಕೇಳಿದರೆ, “ಅವೆಲ್ಲ ಇಸ್ಕೂಲ್ ಮಕ್ಕಳದು ಕಣವ್ವ” ಅಂತ ಪುಡಿ ಡಬ್ಬ ಮುಚ್ಚಿಬಿಡುತ್ತಾರೆ.

ಆ ಇಸ್ಕೂಲ್ ಮಕ್ಕಳು ಶನಿವಾರ, ಭಾನುವಾರ ನಮ್ಮ ಜಗಲಿಗೇ ಬರುತ್ತಾರೆ, ಡ್ರಾಯಿಂಗ್ ಕಲಿಯೋಕೆ. ಅವರಿಗೆ ಬೇಕಾಗಿರುವುದು ಐದು ಮೂಲೆಯದೇ. ಹಾಗಾಗಿ ಒಂದೇ ಮನೆಯಲ್ಲಿ ಎರಡು ಪಕ್ಷ.

ಮೊದಲು ಅತ್ತೆಯ ನಕ್ಷತ್ರ. ಸಂದು ಚುಕ್ಕಿ ಇಡಬೇಕು, ಅಂದರೆ ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಕೆಳಗಿನ ಸಾಲಿನ ಚುಕ್ಕಿ ಬರಬೇಕು. ಒಂದು, ನಾಲ್ಕು, ಮೂರು, ನಾಲ್ಕು, ಒಂದು. ಒಟ್ಟು ಹದಿಮೂರು. ತಲೆಯ ಚುಕ್ಕಿಯಿಂದ ಎರಡನೇ ನಾಲ್ಕರ ಸಾಲಿನ ಎರಡೂ ಕೊನೆಗೆ ಎಳೆದು, ಆ ಕೊನೆಗಳನ್ನು ಸೇರಿಸಿದರೆ ಒಂದು ತ್ರಿಕೋನ. ಕೆಳಗಿನ ಒಂಟಿ ಚುಕ್ಕಿಯಿಂದ ಮೊದಲ ನಾಲ್ಕರ ಸಾಲಿಗೆ ಹೀಗೇ ಎಳೆದರೆ ಇನ್ನೊಂದು. ಅಷ್ಟೇ. ಆದರೂ ಎಷ್ಟೋ ಮನೆ ಮುಂದೆ ಈ ನಕ್ಷತ್ರ ಉದ್ದಕ್ಕೆ ಜಗ್ಗಿದ ಹಾಗೆ ಕಾಣುತ್ತದೆ. ಯಾಕೆಂದರೆ ಚುಕ್ಕಿಯ ನಡುವೆ ಎಷ್ಟು ಜಾಗ ಬಿಡುತ್ತೇವೋ ಸಾಲಿನ ನಡುವೆಯೂ ಅಷ್ಟೇ ಬಿಡುತ್ತೇವೆ. ಅತ್ತೆ ಹಾಗೆ ಬಿಡುವುದಿಲ್ಲ. ಚುಕ್ಕಿಯಿಂದ ಚುಕ್ಕಿಗೆ ಎಂಟು ಬೆರಳು ಬಿಟ್ಟರೆ ಸಾಲಿನಿಂದ ಸಾಲಿಗೆ ಏಳೇ ಬೆರಳು. ಸಮಬಾಹು ತ್ರಿಕೋನದ ಲೆಕ್ಕ ಹಾಕಿ ನೋಡಿದೆ. ಬದಿ 8 ಇದ್ದರೆ ಎತ್ತರ 6.93. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು!

ಐದಕ್ಕೆ ಈ ವಿದ್ಯೆ ನಡೆಯುವುದಿಲ್ಲ. ನೇರ ಚುಕ್ಕಿ, ಅಂದರೆ ಒಂದರ ಕೆಳಗೆ ಒಂದು ನೆಟ್ಟಗೆ ಬರುವ ಚುಕ್ಕಿ ಇಡಿ, ಸಂದು ಚುಕ್ಕಿ ಇಡಿ, ಬೀದಿ ತುಂಬ ಬೇಕಾದರೂ ಇಡಿ. ಐದೂ ತುದಿ ಸಮ ಇರುವ ನಕ್ಷತ್ರದ ತುದಿಗಳು ಆ ಚುಕ್ಕಿಗಳ ಮೇಲೆ ಕೂರುವುದೇ ಇಲ್ಲ. ಹತ್ತಿರ ಹತ್ತಿರ ಬರುತ್ತವೆ, ಕರಾರುವಾಕ್ಕಾಗಿ ಬರುವುದಿಲ್ಲ. ಇದು ಗಣಿತದಲ್ಲಿ ಸಾಬೀತಾಗಿರುವ ವಿಷಯ. ನೇರ ಚುಕ್ಕಿಗೆ ನಾಲ್ಕು ಮೂಲೆ ಒಗ್ಗುತ್ತದೆ, ಸಂದು ಚುಕ್ಕಿಗೆ ಮೂರು, ಆರು ಒಗ್ಗುತ್ತವೆ. ಐದು ಎರಡಕ್ಕೂ ಒಗ್ಗುವುದಿಲ್ಲ. ಇದನ್ನು ಹೇಳಿದಾಗ ಅತ್ತೆ, “ನಾನು ಮೊದಲೇ ಹೇಳಲಿಲ್ವಾ” ಅಂದರು.

ಈಚೆಗೆ ಒಬ್ಬ ಹುಡುಗ ಫ್ಯಾನ್ಸಿ ಡ್ರೆಸ್‌ಗೆ ಸಬ್ ಇನ್‌ಸ್ಪೆಕ್ಟರ್ ಆಗಬೇಕು ಅಂತ ಬಂದ. ಹೆಗಲಿಗೆ ಎರಡೆರಡು ನಕ್ಷತ್ರ ಬೇಕು. ಮೂರು ಹಾಕಿದರೆ ಇನ್‌ಸ್ಪೆಕ್ಟರ್ ಆಗಿಬಿಡುತ್ತಾನೆ, ಅದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಅವನು ಬರೆದ ನಕ್ಷತ್ರದ ಅಡ್ಡಗೆರೆ ನಟ್ಟನಡುವೆ ಬಂದಿತ್ತು. ಮುಕ್ಕಾಲು ಪಾಲು ಮಕ್ಕಳು ಮಾಡುವುದು ಇದನ್ನೇ. ಕೈ ಎತ್ತದೆ ಒಂದೇ ಎಳೆಯಲ್ಲಿ ಬರೆಯುವಾಗ ಅಡ್ಡಗೆರೆ ಎಲ್ಲಿಗೆ ಬರಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ಅಳತೆ ಹೀಗಿದೆ, ಬರೆದಿಟ್ಟುಕೊಳ್ಳಿ. ಅಡ್ಡಗೆರೆ 10 ಸೆಂಟಿಮೀಟರ್ ಇದ್ದರೆ ನಕ್ಷತ್ರದ ಎತ್ತರ 9.5. ಎತ್ತರಕ್ಕಿಂತ ಅಗಲವೇ ಒಂಚೂರು ಜಾಸ್ತಿ, ನೋಡಿದರೆ ಗೊತ್ತಾಗುವುದಿಲ್ಲ. ಅಡ್ಡಗೆರೆ ನೆತ್ತಿಯಿಂದ 3.6 ಕೆಳಗೆ ಬರಬೇಕು, ಅಂದರೆ ನಡುವಿಗಿಂತ ಮೇಲೆ. ಎರಡು ಕಾಲುಗಳ ನಡುವೆ 6.2. ಹುಡುಗರು ಕಾಲನ್ನು ಜಾಸ್ತಿ ಅಗಲಿಸುತ್ತಾರೆ, ಆಗ ನಕ್ಷತ್ರ ಕುಸ್ತಿಗೆ ನಿಂತ ಪೈಲ್ವಾನನ ಹಾಗೆ ಕಾಣುತ್ತದೆ.

ಅಳತೆಪಟ್ಟಿ ಬೇಡ ಅನ್ನುವವರಿಗೆ ಗಡಿಯಾರ ಇದೆ. ಗಡಿಯಾರದಲ್ಲಿ 60 ನಿಮಿಷ, ಐದರಿಂದ ಭಾಗಿಸಿದರೆ 12. ಒಂದು ತಟ್ಟೆ ಬೋರಲು ಹಾಕಿ ಸುತ್ತ ಗೆರೆ ಎಳೆಯಿರಿ. ಹನ್ನೆರಡು ಗಂಟೆಯ ಜಾಗಕ್ಕೆ ಒಂದು ಚುಕ್ಕಿ. ಆಮೇಲೆ 12, 24, 36, 48ನೇ ನಿಮಿಷಕ್ಕೆ ಒಂದೊಂದು. ಎರಡರಿಂದ ಸ್ವಲ್ಪ ಕೆಳಗೆ, ಐದು ಮುಟ್ಟುವುದಕ್ಕೆ ಮುಂಚೆ, ಏಳು ದಾಟಿದ ಕೂಡಲೇ, ಹತ್ತಕ್ಕೆ ಒಂಚೂರು ಮೊದಲು. ಈಗ ಒಂದು ಬಿಟ್ಟು ಒಂದು ಸೇರಿಸುತ್ತಾ ಹೋಗಿ. ಹೊರಟಲ್ಲಿಗೇ ವಾಪಸ್ ಬರುತ್ತೀರಿ. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಚುಕ್ಕಿ ಸರಿಯಾಗಿ ಕೂತರೆ ಗೆರೆ ತಾನಾಗಿ ಬರುತ್ತದೆ. ಇಷ್ಟಕ್ಕೂ ಇದು ರಂಗೋಲಿಯದೇ ಬುದ್ಧಿ ಅಲ್ವಾ? ಚುಕ್ಕಿ ಸಾಲಿನಲ್ಲಿ ಇರುವುದಿಲ್ಲ, ಸುತ್ತ ಇರುತ್ತವೆ, ಅಷ್ಟೇ ವ್ಯತ್ಯಾಸ.

ಎಷ್ಟು ಮಾಡಿದರೂ ಸೊಟ್ಟಗಾಯಿತು ಅಂತ ಮುಖ ಸಣ್ಣ ಮಾಡಿಕೊಳ್ಳುವ ಮಕ್ಕಳ ಕೈಗೆ ಕೋನಮಾಪಕ ಕೊಡುತ್ತೇನೆ. ಸರಿಯಾದ ನಕ್ಷತ್ರದ ಒಂದೊಂದು ತುದಿ 36 ಡಿಗ್ರಿ, ಐದೂ ಕೂಡಿದರೆ 180. ಒಂದೇ ಎಳೆಯ ನಕ್ಷತ್ರ ಸ್ವಲ್ಪ ಸೊಟ್ಟಗಿದ್ದರೂ ಮೊತ್ತ ಅದೇ 180. ಒಂದು ತುದಿ ದಪ್ಪಗಾದರೆ ಉಳಿದವು ಒಟ್ಟಿನಲ್ಲಿ ಅಷ್ಟೇ ಸಣ್ಣಗಾಗಿರುತ್ತವೆ. ಮಕ್ಕಳು ನಂಬದೆ ಅಳೆಯುತ್ತಾರೆ. ಅಳೆಯಲಿ, ನನಗೂ ಕಾಫಿ ಕುಡಿಯೋಕೆ ಟೈಮ್ ಸಿಗುತ್ತದೆ.

ಮೈಸೂರಿಗೆ ತವರುಮನೆಗೆ ಹೋಗುವಾಗ ಬಸ್ಸಿನಲ್ಲಿ ನನ್ನ ಕೈ ಸುಮ್ನೆ ಕೂರುವುದಿಲ್ಲ. ಇಳಿದ ಮೇಲೆ ಟಿಕೆಟ್ಟನ್ನು ಉದ್ದಕ್ಕೆ ಅರ್ಧ ಬೆರಳಗಲ ಸೀಳಿ, ದಾರಕ್ಕೆ ಹಾಕುವ ಹಾಗೆ ಒಂದು ಸಾದಾ ಗಂಟು ಹಾಕುತ್ತೇನೆ. ಮೆಲ್ಲಗೆ ಬಿಗಿ ಮಾಡಿ ಉಗುರಿನಿಂದ ಒತ್ತಿದರೆ ಚಪ್ಪಟೆಯಾಗಿ ಐದು ಮೂಲೆಯ ಆಕೃತಿ ಬರುತ್ತದೆ. ಒಂದು ತುದಿಯನ್ನು ಅದರ ಮೇಲೆ ಮಡಚಿ ಬೆಳಕಿಗೆ ಹಿಡಿಯಿರಿ, ಒಳಗೆ ಪೂರ್ತಿ ನಕ್ಷತ್ರ ಕಾಣುತ್ತದೆ. ಅಳತೆ ಇಲ್ಲ, ಪೆನ್ಸಿಲ್ಲೂ ಇಲ್ಲ. ಇಳಿಯುವ ಮುಂಚೆ ಮಾತ್ರ ಸೀಳಬೇಡಿ, ಚೆಕಿಂಗ್‌ನವರು ಹತ್ತಬಹುದು.

ಐದು ಕೈಗೆ ಕೂತ ಮೇಲೆ ಮಕ್ಕಳು ಮುಂದಕ್ಕೆ ಹೋಗುತ್ತಾರೆ. ವೃತ್ತದ ಮೇಲೆ ಆರು ಚುಕ್ಕಿ ಇಟ್ಟು ಒಂದು ಬಿಟ್ಟು ಒಂದು ಸೇರಿಸಿದರೆ ಮೂರೇ ಗೆರೆಗೆ ದಾರಿ ಮುಗಿಯುತ್ತದೆ, ಕೈ ಎತ್ತಿ ಇನ್ನೊಂದು ತ್ರಿಕೋನ ಹಾಕಲೇಬೇಕು. ಏಳರಲ್ಲಿ ಮಜಾ ಜಾಸ್ತಿ. ಒಂದೊಂದು ಚುಕ್ಕಿ ಬಿಟ್ಟರೆ ದುಂಡುದುಂಡಗೆ ಬರುತ್ತದೆ, ಎರಡೆರಡು ಬಿಟ್ಟರೆ ಚೂಪಾಗಿ ಬರುತ್ತದೆ, ಎರಡೂ ಒಂದೇ ಎಳೆ. ಎಂಟಕ್ಕೆ ಎರಡೆರಡು ಬಿಟ್ಟು ಸೇರಿಸಬೇಕು. ಮೊದಲು ಕೂಡಿಸುವ ಗುರುತು, ಅದರ ಮೇಲೆ ಗುಣಿಸುವ ಗುರುತು ಹಾಕಿಕೊಂಡರೆ ಎಂಟು ಚುಕ್ಕಿಯ ಜಾಗ ಸಿಕ್ಕಿತು.

ಎಂಟರದನ್ನು ಅತ್ತೆ ಕಿಟಕಿಯಿಂದ ನೋಡಿದ್ದಾರೆ. ದೇವರಾಜ ಮಾರ್ಕೆಟ್ಟಿನಿಂದ ಕೆಂಪು, ಹಳದಿ ಎರಡೂ ಪುಡಿ ತಾ ಅಂದಿದ್ದಾರೆ. ಯಾವ ನಕ್ಷತ್ರಕ್ಕೆ ಅಂತ ಹೇಳಿಲ್ಲ, ನಾನೂ ಕೇಳಿಲ್ಲ.