ಮಳೆಯ ಲೆಕ್ಕ ಮತ್ತು ಹಲಸಿನ ಮರ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ತಂದೆಯವರು 30 ವರ್ಷ ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಟ್ಟರು. ಹವಾಮಾನ ಇಲಾಖೆ ಒಂದು ದಿನದ ಮಳೆಯೆಂದು ಎಣಿಸುವ 24 ಗಂಟೆ ಮುಗಿಯುವುದೂ ಆ ಹೊತ್ತಿಗೇ. ಅಡಿಕೆಗೆ ಕೊಳೆರೋಗ ಬಾರದಂತೆ ಮದ್ದು ಬಿಡುವ ದಿನವನ್ನು ನಿರ್ಧರಿಸಲು ಅವರಿಗೆ ಆ ಲೆಕ್ಕ ಬೇಕಿತ್ತು. ಊರಿನಲ್ಲಿ ಎಲ್ಲರೂ ಹೇಳುವ ‘ಮೊದಲಿನ ಮಳೆ ಈಗಿಲ್ಲ’ ಎಂಬ ಮಾತು ಎಷ್ಟು ನಿಜವೆಂದು ನೋಡಲು ನಾನು ಅದೇ ಪುಸ್ತಕಗಳನ್ನು ತೆರೆದೆ.

ವಾರ್ಷಿಕ ಮಳೆಯ ಚುಕ್ಕೆಗಳ ನಡುವೆ ಒಂದು ಸರಳರೇಖೆ ಎಳೆದರೆ ಸಾಕೆಂದು ಮೊದಲು ತೋರುತ್ತದೆ. ಆದರೆ ಮೊದಲ ವರ್ಷಗಳಲ್ಲೊಮ್ಮೆ ವಿಪರೀತ ಮಳೆ ಸುರಿದಿದ್ದರೆ ಅದೊಂದೇ ಇಡೀ ರೇಖೆಯನ್ನು ಓರೆಯಾಗಿಸುತ್ತದೆ. ಆದ್ದರಿಂದ ನಾನು ಮಾನ್–ಕೆಂಡಾಲ್ ಪರೀಕ್ಷೆಯನ್ನು ಆರಿಸಿಕೊಂಡೆ. ಗಣಿತಜ್ಞ ಹೆನ್ರಿ ಮಾನ್ 1945ರಲ್ಲಿ ಮಂಡಿಸಿದ ಈ ವಿಧಾನದಲ್ಲಿ ಪ್ರತಿಯೊಂದು ವರ್ಷವನ್ನೂ ಅದರ ಅನಂತರದ ಎಲ್ಲ ವರ್ಷಗಳೊಡನೆ ಹೋಲಿಸಿ, ಅನಂತರದ ವರ್ಷದಲ್ಲಿ ಮಳೆ ಹೆಚ್ಚಿದ್ದರೆ ಕೂಡು ಒಂದು, ಕಡಿಮೆಯಿದ್ದರೆ ಕಳೆ ಒಂದು ಎಂದು ಎಣಿಸಬೇಕು. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದು ಲೆಕ್ಕಕ್ಕಿಲ್ಲ. 30 ವರ್ಷಗಳಿಗೆ 435 ಜೋಡಿಗಳಾಗುತ್ತವೆ. ಏರುವ ಅಥವಾ ಇಳಿಯುವ ಯಾವ ಪ್ರವೃತ್ತಿಯೂ ಇಲ್ಲದಿದ್ದರೆ ಮೊತ್ತ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಶೇಕಡಾ 5ರ ಮಟ್ಟದಲ್ಲಿ, ಅಂದರೆ ಪ್ರವೃತ್ತಿಯಿಲ್ಲದೆ ಸುಮ್ಮನೆ ಹಾಗೆ ಕಾಣುವ ಸಾಧ್ಯತೆ ಶೇಕಡಾ 5ನ್ನು ಮೀರದಂತೆ, ಪ್ರವೃತ್ತಿಯಿದೆ ಎನ್ನಬೇಕಾದರೆ ಅದು ಯಾವುದಾದರೊಂದು ಕಡೆಗೆ 111ನ್ನಾದರೂ ಮುಟ್ಟಬೇಕು. ಬದಲಾವಣೆಯ ವೇಗಕ್ಕೆ ಸಂಖ್ಯಾಶಾಸ್ತ್ರಜ್ಞ ಪ್ರಣಬ್ ಕುಮಾರ್ ಸೇನ್ 1968ರಲ್ಲಿ ವಿವರಿಸಿದಂತೆ ಎಲ್ಲ ಜೋಡಿಗಳ ಇಳಿಜಾರುಗಳ, ಅಂದರೆ ವರ್ಷಕ್ಕಿಷ್ಟು ಎಂಬ ಬದಲಾವಣೆಗಳ, ಮಧ್ಯಾಂಕವನ್ನು (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆಯನ್ನು) ತೆಗೆದುಕೊಳ್ಳುತ್ತಾರೆ.

ನಮ್ಮ ಪುಸ್ತಕದ ಮೊತ್ತ ಕಳೆಯ ಕಡೆಗೆ ಆ ಗಡಿಯನ್ನು ದಾಟಿತ್ತು. ಊರಿನ ಮಾತು ನಿಜವಾಯಿತೆಂದು ಬರೆದು ಮುಗಿಸುವ ಮೊದಲು ಅಂಗಳಕ್ಕೆ ಹೋಗಿ ಮಾಪಕವನ್ನು ನೋಡಿದೆ. ತಂದೆಯವರು ಅದನ್ನು ನಿಲ್ಲಿಸುವಾಗ ಪಕ್ಕದಲ್ಲಿದ್ದದ್ದು ಹಲಸಿನ ಸಸಿ. ಈಗ ಅದು ದೊಡ್ಡ ಮರ. ಮಾಪಕಕ್ಕಿಂತ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರವಾದರೂ ನಡುವೆ ಇರಬೇಕು, ಇಲ್ಲದಿದ್ದರೆ ಕೊಂಬೆಗಳೇ ಮಳೆಯನ್ನು ತಡೆಯುತ್ತವೆ. ಮರ ವರ್ಷವರ್ಷವೂ ಬೆಳೆದಂತೆ ಮಾಪಕಕ್ಕೆ ಬೀಳುವ ನೀರು ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಪರೀಕ್ಷೆಯೂ ಆ ಇಳಿಕೆಯನ್ನು ಪ್ರಾಮಾಣಿಕವಾಗಿಯೇ ಹಿಡಿದುಕೊಡುತ್ತದೆ. ಹೊಳೆಯಾಚೆಯ ದೊಡ್ಡಪ್ಪನ ಮನೆಯ ಮಾಪಕ ಬಯಲಿನಲ್ಲಿದೆ. ನಮ್ಮ ಮಳೆಯಿಂದ ಅವರ ಮಳೆಯನ್ನು ವರ್ಷವಾರು ಕಳೆದು ಆ ವ್ಯತ್ಯಾಸವನ್ನೇ ಪರೀಕ್ಷಿಸಿದಾಗ ಅದರಲ್ಲಿಯೂ ಇಳಿಕೆ ಕಂಡಿತು; ಅವರ ಪುಸ್ತಕವೊಂದನ್ನೇ ಪರೀಕ್ಷಿಸಿದಾಗ ಮೊತ್ತ ಗಡಿಯೊಳಗೇ ಉಳಿಯಿತು. ಇಳಿದದ್ದರಲ್ಲಿ ಹೆಚ್ಚಿನ ಪಾಲು ಮರದ್ದು. ಗಡಿಯೊಳಗೆ ಉಳಿಯಿತೆಂದರೆ ಬದಲಾವಣೆಯೇ ಇಲ್ಲವೆಂದಲ್ಲ, ಇಷ್ಟು ವರ್ಷಗಳ ಲೆಕ್ಕದಿಂದ ಅದನ್ನು ಹೇಳಲಾಗದು ಎಂದಷ್ಟೇ ಅರ್ಥ.

ಇನ್ನು ತಿಂಗಳುವಾರು ನೋಡುವ ಆಸೆ ನನಗಿದೆ, ಆದರೆ 12 ತಿಂಗಳುಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದರೆ ಒಂದಾದರೂ ಸುಮ್ಮನೆ ಗಡಿ ದಾಟುವ ಸಾಧ್ಯತೆ ಶೇಕಡಾ 46ರಷ್ಟಿರುತ್ತದೆ. ಆದ್ದರಿಂದ ಜೂನ್ ಮತ್ತು ಸೆಪ್ಟೆಂಬರನ್ನು ಮಾತ್ರ ನೋಡುವುದೆಂದು ಮುಂಚಿತವಾಗಿಯೇ ಬರೆದಿಟ್ಟಿದ್ದೇನೆ. ಹಳೆಯ ಮಾಪಕವನ್ನು ಕಿತ್ತಿಲ್ಲ; ಗದ್ದೆಯ ಬಯಲಿನಲ್ಲಿ ಇನ್ನೊಂದನ್ನು ನಿಲ್ಲಿಸಿ, ಎರಡರ ಅಳತೆಯನ್ನೂ ತಂದೆಯವರ ಪುಸ್ತಕದ ಒಂದೇ ಪುಟದಲ್ಲಿ ಅಕ್ಕಪಕ್ಕದಲ್ಲಿ ಬರೆಯುತ್ತಿದ್ದೇನೆ.